ಪಾದ ಮೇಲೆತ್ತಲು ಆಗುತ್ತಿಲ್ಲ, ಏಳು ವಾರ ಆಯಿತು. ವ್ಯಾಯಾಮ ಇನ್ನೂ ಜಾಸ್ತಿ ಮಾಡಿಸಬೇಕಾ?

ಹಸಿರೆಲೆ

ಎಲ್ಲರಿಗೂ ನಮಸ್ಕಾರ. ಅಪ್ಪನ ವಿಷಯ ಕೇಳಬೇಕಿತ್ತು. ವಯಸ್ಸು 58. ಮೆಟ್ಟಿಲಿನಿಂದ ಜಾರಿ ಬಿದ್ದು ಬಲ ಮೊಣಕಾಲಿನ ಹೊರಬದಿಗೆ ಜೋರು ಪೆಟ್ಟಾಯಿತು. ಮೂಳೆ ಮುರಿದಿಲ್ಲ. ಆದರೆ ಅವತ್ತಿನಿಂದ ಪಾದ ಜೋತು ಬಿದ್ದಿದೆ. ನಡೆಯುವಾಗ ಮೊಣಕಾಲನ್ನು ಎತ್ತರಕ್ಕೆ ಎತ್ತಿ ಪಾದವನ್ನು ಪಟ್ ಅಂತ ನೆಲಕ್ಕೆ ಹಾಕುತ್ತಾರೆ. ಪಾದದ ಮೇಲ್ಭಾಗ ಮರಗಟ್ಟಿದಂತಿದೆ. ಡಾಕ್ಟರ್ ಫುಟ್ ಡ್ರಾಪ್ ಅಂದರು. ನರಕ್ಕೆ ಏಟಾಗಿದೆ, ಫಿಸಿಯೋಥೆರಪಿ ಮಾಡಿಸಿ ಅಂದರು.

ವಾರಕ್ಕೆ ಮೂರು ದಿನ ಫಿಸಿಯೋ ಬರುತ್ತಾರೆ. ಪಾದವನ್ನು ಹಿಡಿದು ಮೇಲೆ ಕೆಳಗೆ ಮಾಡುತ್ತಾರೆ. ಹತ್ತು ನಿಮಿಷ ಕರೆಂಟ್ ಕೊಡುತ್ತಾರೆ. ಪಾದ ಜೋತು ಬೀಳದಂತೆ ಎತ್ತಿ ಹಿಡಿಯುವ ಒಂದು ಸ್ಪ್ಲಿಂಟ್ (ಪಟ್ಟಿ) ಕೊಡಿಸಿದ್ದಾರೆ. ಏಳು ವಾರ ಆಯಿತು, ಒಂದು ಚೂರೂ ಅಲುಗಾಡಿಲ್ಲ.

ಬಂದವರೆಲ್ಲ ಒಂದೊಂದು ಹೇಳುತ್ತಾರೆ. ಮಸಾಜ್ ಜೋರಾಗಿ ಮಾಡಿ, ನಡೆಸಿ ನಡೆಸಿ ಸುಸ್ತು ಮಾಡಿ, ಆಗ ನರ ಎಚ್ಚರ ಆಗುತ್ತದೆ ಅಂತ. ನಾನು ದಿನಕ್ಕೆ 200 ಸಲ "ಎತ್ತಿ ಅಪ್ಪಾ, ಎತ್ತಿ" ಅಂತ ಮಾಡಿಸುತ್ತಿದ್ದೇನೆ. ನಿನ್ನೆ ಅವರು ಕೋಪದಲ್ಲಿ ಸ್ಪ್ಲಿಂಟ್ ಬಿಸಾಡಿದರು. ಆಮೇಲೆ ಮುಖ ಆಚೆ ತಿರುಗಿಸಿ ಸುಮ್ನೆ ಕೂತುಬಿಟ್ಟರು. ನಾನು ಮಾಡುತ್ತಿರುವುದು ಸರಿಯಾ? ಫಿಸಿಯೋ ಬದಲಾಯಿಸಬೇಕಾ?

ಹೆಜ್ಜೆಗುರುತು

ನಾನು ಫಿಸಿಯೋಥೆರಪಿಸ್ಟ್. ನರದ ತೊಂದರೆ ಇರುವವರ ಜೊತೆಯೇ ಹೆಚ್ಚು ಕೆಲಸ. ಅಪ್ಪನನ್ನು ನೋಡದೆ ಚಿಕಿತ್ಸೆ ಹೇಳಲು ಆಗುವುದಿಲ್ಲ. ಆದರೆ ನಿಮ್ಮ ಪ್ರಶ್ನೆಯಲ್ಲೇ ಒಂದು ಉತ್ತರ ಇದೆ. ಏಳು ವಾರಕ್ಕೆ ಏನೂ ಅಲುಗಾಡಿಲ್ಲ ಎಂದರೆ ಚಿಕಿತ್ಸೆ ಸೋತಿದೆ ಅಂತ ಅಲ್ಲ.

ಮೊಣಕಾಲಿನ ಹೊರಬದಿಯಲ್ಲಿ, ಸ್ವಲ್ಪ ಕೆಳಗೆ, ಒಂದು ಗುಂಡಗಿನ ಮೂಳೆ ಕೈಗೆ ಸಿಗುತ್ತದೆ. ಅದರ ಕೆಳಗೆ, ಪಾದ ಎತ್ತುವ ಸ್ನಾಯುವಿಗೆ ಹೋಗುವ ಪೆರೋನಿಯಲ್ ನರ ಮೂಳೆಯನ್ನು ಸುತ್ತಿಕೊಂಡು ಹೋಗುತ್ತದೆ. ಅಲ್ಲಿ ಅದರ ಮೇಲೆ ಚರ್ಮ ಬಿಟ್ಟರೆ ಹೆಚ್ಚಿನ ರಕ್ಷಣೆಯೇ ಇಲ್ಲ. ಪೆಟ್ಟೇ ಬೀಳಬೇಕು ಅಂತಲೂ ಇಲ್ಲ. ಕಾಲ ಮೇಲೆ ಕಾಲು ಹಾಕಿ ಬಹಳ ಹೊತ್ತು ಕೂತರೂ, ತುಂಬಾ ಹೊತ್ತು ಕುಕ್ಕರಗಾಲಲ್ಲಿ ಕೂತರೂ ಅಲ್ಲಿ ಒತ್ತಡ ಬೀಳುತ್ತದೆ.

ನರದ ಏಟನ್ನು ಮೂರು ಬಗೆಯಾಗಿ ನೋಡುತ್ತೇವೆ. ಹರ್ಬರ್ಟ್ ಸೆಡ್ಡನ್ ಎಂಬ ಸರ್ಜನ್ 1943ರಲ್ಲಿ ಮಾಡಿದ ವಿಂಗಡಣೆ ಇದು, ಇವತ್ತಿಗೂ ಬಳಕೆಯಲ್ಲಿದೆ. ಮೊದಲನೆಯದರಲ್ಲಿ ನರದೊಳಗೆ ಸಂದೇಶ ಒಯ್ಯುವ ತಂತು ತುಂಡಾಗಿರುವುದಿಲ್ಲ, ಸಂದೇಶ ಮಾತ್ರ ಆ ಜಾಗದಲ್ಲಿ ನಿಂತಿರುತ್ತದೆ. ಇದು ಕೆಲವು ವಾರಗಳಲ್ಲಿ, ಜಾಸ್ತಿ ಎಂದರೆ ಮೂರು ತಿಂಗಳೊಳಗೆ, ತಾನಾಗಿ ತೆರೆದುಕೊಳ್ಳುತ್ತದೆ. ಎರಡನೆಯದರಲ್ಲಿ ಒಳಗಿನ ತಂತು ತುಂಡಾಗಿ ಹೊರಗಿನ ಕೊಳವೆ ಉಳಿದಿರುತ್ತದೆ. ತಂತು ಆ ಕೊಳವೆಯೊಳಗೆ ಮತ್ತೆ ಬೆಳೆಯಬೇಕು. ಮೂರನೆಯದರಲ್ಲಿ ನರವೇ ಕಡಿದುಹೋಗಿರುತ್ತದೆ. ಅದಕ್ಕೆ ಸರ್ಜರಿ ಬೇಕು, ವ್ಯಾಯಾಮದಿಂದ ಆಗುವುದಿಲ್ಲ.

ಎರಡನೆಯದಾದರೆ ತಂತು ಬೆಳೆಯುವ ವೇಗ ದಿನಕ್ಕೆ ಸುಮಾರು 1 ಮಿಲಿಮೀಟರ್. ಪೆಟ್ಟಾದ ಜಾಗದಿಂದ ಸ್ನಾಯುವಿಗೆ 10 ಸೆಂಟಿಮೀಟರ್ ಇದ್ದರೆ ನೂರು ದಿನ. ಶುರುವಾಗಲು ಒಂದೆರಡು ವಾರ ಬೇರೆ. 200 ಸಲ ಎತ್ತಿಸಿದರೂ ಎರಡು ಸಲ ಎತ್ತಿಸಿದರೂ ಆ ವೇಗ ಏರುವುದಿಲ್ಲ.

ಹಾಗಾದರೆ ಫಿಸಿಯೋ ಯಾಕೆ? ನರ ಬಂದು ಮುಟ್ಟುವಾಗ ಕಾಲು ಅದಕ್ಕೆ ತಯಾರಾಗಿ ಇರಬೇಕು ಅಲ್ವಾ? ಪಾದ ಎತ್ತುವ ಸ್ನಾಯು ಸುಮ್ಮನಿದ್ದಾಗ ಹಿಂದಿನ ಮೀನಖಂಡ ಗೆಲ್ಲುತ್ತದೆ. ಪಾದವನ್ನು ಕೆಳಗೇ ಎಳೆದುಕೊಂಡು ಕ್ರಮೇಣ ಗಿಡ್ಡವಾಗುತ್ತದೆ. ಆರು ತಿಂಗಳಿಗೆ ನರ ವಾಪಸ್ ಬಂದರೂ ಕೀಲು ಬಿಗಿದುಕೊಂಡಿದ್ದರೆ ಪಾದ ಏಳುವುದಿಲ್ಲ. ಇದನ್ನು ನಾನು ಕಣ್ಣಾರೆ ನೋಡಿದ್ದೇನೆ, ತುಂಬಾ ಸಂಕಟ ಆಗುತ್ತದೆ. ನಿಮ್ಮ ಫಿಸಿಯೋ ಪಾದ ಮೇಲೆ ಕೆಳಗೆ ಮಾಡುವುದು, ಸ್ಪ್ಲಿಂಟ್ ಕೊಡಿಸಿದ್ದು ಅದಕ್ಕೇ. ಅವರನ್ನು ಬದಲಾಯಿಸಲು ನನಗೆ ಕಾರಣ ಕಾಣುತ್ತಿಲ್ಲ.

ಮನೆಯಲ್ಲಿ ನೀವು ಮಾಡಬಹುದಾದದ್ದು: ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿಯಿರಿ. ಮುಂಗೈಯನ್ನು ಅಂಗಾಲಿಗೆ ಒರಗಿಸಿ ಪಾದವನ್ನು ಮೇಲಕ್ಕೆ ತನ್ನಿ. 30 ಸೆಕೆಂಡ್ ಹಿಡಿಯಿರಿ. ಬರೀ ಬೆರಳು ಹಿಡಿದು ಎಳೆಯಬೇಡಿ, ಪಾದದ ನಡುಭಾಗ ಬಾಗುತ್ತದೆ, ಹಿಮ್ಮಡಿ ಇದ್ದಲ್ಲೇ ಇರುತ್ತದೆ. ಮೊಣಕಾಲು ನೇರ ಇಟ್ಟು ಒಮ್ಮೆ, ಮಡಚಿ ಒಮ್ಮೆ. ಮೀನಖಂಡದಲ್ಲಿ ಎರಡು ಸ್ನಾಯು ಇವೆ, ಎರಡಕ್ಕೂ ಎಳೆತ ಸಿಗಬೇಕು.

ಒಂದು ಪ್ರಶ್ನೆ: ಅಪ್ಪ ಪಾದವನ್ನು ಒಳಬದಿಗೆ ತಿರುಗಿಸುತ್ತಾರಾ? ನರದ ಟೆಸ್ಟ್ ಆಗಿದೆಯಾ?

ಹಸಿರೆಲೆ

ಇಷ್ಟು ವಿವರವಾಗಿ ನಮಗೆ ಯಾರೂ ಹೇಳಿರಲಿಲ್ಲ. ಅಪ್ಪನಿಗೆ ಓದಿ ಹೇಳಿದೆ. "ಹಾಗಾದರೆ ನನ್ನ ತಪ್ಪಲ್ಲ" ಅಂದರು. ಎತ್ತಲು ಆಗದ್ದಕ್ಕೆ ತಮ್ಮ ಪ್ರಯತ್ನವೇ ಸಾಲದು ಅಂದುಕೊಂಡಿದ್ದರು. ನಾನು 200 ಸಲ ಎತ್ತಿಸಿ ಅದನ್ನೇ ಗಟ್ಟಿ ಮಾಡಿಬಿಟ್ಟಿದ್ದೆ.

ಒಳಗೆ ತಿರುಗಿಸುತ್ತಾರೆ. ಹೊರಗೆ ಆಗುವುದಿಲ್ಲ. ಟೆಸ್ಟ್ ಆಗಿಲ್ಲ.

ಹೆಜ್ಜೆಗುರುತು

ಒಳಗೆ ತಿರುಗುತ್ತಿರುವುದು ಒಳ್ಳೆಯ ಸುಳಿವು. ಸೊಂಟದ ಹತ್ತಿರ ನರದ ಬೇರು ಒತ್ತಿದ್ದರೂ ಪಾದ ಜೋತು ಬೀಳುತ್ತದೆ. ಆದರೆ ಆಗ ಸಾಮಾನ್ಯವಾಗಿ ಒಳಗೆ ತಿರುಗಿಸುವ ಬಲವೂ ಕಡಿಮೆ ಇರುತ್ತದೆ. ನಿಮ್ಮಪ್ಪನದು ಮೊಣಕಾಲಿನ ಬಳಿಯದೇ ಇರಬಹುದು. ಖಚಿತ ಮಾಡುವುದು ಟೆಸ್ಟ್. ನರ್ವ್ ಕಂಡಕ್ಷನ್ (ನರದಲ್ಲಿ ಸಂದೇಶ ಹೇಗೆ ಹರಿಯುತ್ತದೆ ಎಂದು ಅಳೆಯುವುದು) ಮತ್ತು ಇಎಂಜಿ (ಸ್ನಾಯುವಿನ ವಿದ್ಯುತ್ ಚಟುವಟಿಕೆ ನೋಡುವುದು) ಬಗ್ಗೆ ನ್ಯೂರಾಲಜಿಸ್ಟ್ ಹತ್ತಿರ ಕೇಳಿ. ಏಟಾದ ಮೊದಲ ವಾರದಲ್ಲಿ ಮಾಡಿಸಿದರೆ ಪೂರ್ತಿ ಚಿತ್ರ ಸಿಗುವುದಿಲ್ಲ, ಮೂರು ವಾರ ಕಳೆಯಬೇಕು. ನಿಮಗೆ ಏಳು ವಾರ ಆಗಿದೆ, ಇನ್ನು ತಡ ಮಾಡಬೇಡಿ. ಸರ್ಜರಿ ಬೇಕಾದ ಬಗೆಯಾದರೆ ಕಾಯುವುದರಲ್ಲಿ ನಷ್ಟ ಇದೆ. ನರ ಸಿಗದ ಸ್ನಾಯು ಒಂದು, ಒಂದೂವರೆ ವರ್ಷ ದಾಟಿದರೆ ಮತ್ತೆ ಕೆಲಸಕ್ಕೆ ಬರುವುದು ಕಷ್ಟ.

ನಿಧಾನವೇ ಸರಿ

ನನಗೆ ಮೂರು ವರ್ಷದ ಹಿಂದೆ ಗೀಲನ್ ಬಾರೆ ಸಿಂಡ್ರೋಮ್ ಆಗಿತ್ತು. ಜಿಬಿಎಸ್ ಅಂತಾರೆ. ಕಾಲಿನಲ್ಲಿ ಜೋಮು ಶುರುವಾಗಿ ಐದೇ ದಿನದಲ್ಲಿ ಎದ್ದು ನಿಲ್ಲಲು ಆಗಲಿಲ್ಲ. ಕೈಗೂ ಬಂತು. ದೇಹದ ರೋಗನಿರೋಧಕ ಶಕ್ತಿಯೇ ನರದ ಮೇಲೆ ದಾಳಿ ಮಾಡುವ ಕಾಯಿಲೆ ಇದು. ಗೀಲನ್, ಬಾರೆ, ಸ್ಟ್ರೋಲ್ ಎಂಬ ಮೂವರು ಫ್ರೆಂಚ್ ಡಾಕ್ಟರುಗಳು 1916ರಲ್ಲಿ ಇಬ್ಬರು ಸೈನಿಕರಲ್ಲಿ ಇದನ್ನು ಕಂಡು ಬರೆದರು.

ಇಲ್ಲಿ ಬರೆಯುವುದಕ್ಕೆ ಕಾರಣ ಆ "200 ಸಲ". ನಾನೂ ಅದನ್ನೇ ಮಾಡಿದೆ. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಹಟ ಹಿಡಿದೆ. ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ. ಕುರ್ಚಿಯಿಂದ ಏಳುವುದು, ಕೂರುವುದು, ನಡುಗುವವರೆಗೂ. ಎರಡನೇ ವಾರಕ್ಕೆ, ಅದುವರೆಗೆ ಆಗುತ್ತಿದ್ದುದೂ ನಿಂತಿತು. ಚಮಚ ಹಿಡಿಯುವ ಕೈ ಮತ್ತೆ ನಡುಗಿತು. ರೋಗ ತಿರುಗಿ ಬಂತು ಅಂತ ರಾತ್ರಿಯೆಲ್ಲ ಅತ್ತೆ.

ರೋಗ ಬಂದಿರಲಿಲ್ಲ. ಅತಿಯಾಗಿ ದಣಿಸಿದ್ದೆ, ಅಷ್ಟೇ. ನನ್ನ ಫಿಸಿಯೋ ಒಂದು ಅಳತೆ ಕೊಟ್ಟರು, ಈಗಲೂ ಅದನ್ನೇ ಪಾಲಿಸುತ್ತೇನೆ. ಇವತ್ತು ಮಾಡಿದ ವ್ಯಾಯಾಮದ ಸುಸ್ತು ನಾಳೆ ಬೆಳಿಗ್ಗೆಯೂ ಉಳಿದಿದ್ದರೆ, ನಾಳೆ ಅರ್ಧ ಮಾತ್ರ. ಉಳಿದಿಲ್ಲ ಎಂದರೆ ಇವತ್ತಿನಷ್ಟೇ. ಒಂದು ವಾರ ಸರಿಹೋದರೆ ಮಾತ್ರ ಸ್ವಲ್ಪ ಏರಿಸು. ಐದು ನಿಮಿಷ ಮಾಡಿ ಹತ್ತು ನಿಮಿಷ ಮಲಗುವುದು ಸೋಮಾರಿತನ ಅಲ್ಲ ಅಂತ ನಂಬಲು ನನಗೆ ತಿಂಗಳುಗಳೇ ಬೇಕಾದವು.

ಕಿಟಕಿ ಪಕ್ಕ

ನನಗೆ ಗೊಂದಲ ಆಗುತ್ತಿದೆ. ನನ್ನ ಅಮ್ಮನಿಗೆ ಸ್ಟ್ರೋಕ್ ಆಗಿ ಎಡಗೈ ಹೋಗಿತ್ತು. ನಮ್ಮ ಫಿಸಿಯೋ ಹೇಳಿದ್ದು ಪೂರ್ತಿ ಉಲ್ಟಾ. ಮಾಡಿದಷ್ಟೂ ಒಳ್ಳೆಯದು, ದಿನಕ್ಕೆ ನೂರಾರು ಸಲ ಮಾಡಿಸಿ, ಬಲಗೈಗೆ ಗವಸು ಹಾಕಿ ಎಡಗೈಯಲ್ಲೇ ಕೆಲಸ ಮಾಡಿಸಿ ಅಂತ. ಹಾಗೆ ಮಾಡಿಸಿದ್ದರಿಂದಲೇ ಅಮ್ಮ ಇವತ್ತು ಲೋಟ ಹಿಡಿಯುತ್ತಾರೆ. ಇಲ್ಲಿ ನೋಡಿದರೆ ಜಾಸ್ತಿ ಮಾಡಬೇಡಿ ಅಂತಿದ್ದೀರಿ. ಎರಡೂ ನರದ ತೊಂದರೆಯೇ ಅಲ್ವಾ?

ಹೆಜ್ಜೆಗುರುತು

ಈ ಪ್ರಶ್ನೆ ಕೇಳಿದ್ದಕ್ಕೆ ತುಂಬಾ ಖುಷಿ. ಎಲ್ಲರಿಗೂ ತಿಳಿಯಬೇಕಾದ ವಿಷಯ ಇದೇ.

ನಮ್ಮ ಭಾಷೆಯಲ್ಲಿ "ನರ" ಒಂದೇ ಪದ, ಎಲ್ಲದಕ್ಕೂ ಬಳಸುತ್ತೇವೆ. ಕೈ ಮೇಲೆ ನೀಲಿಯಾಗಿ ಉಬ್ಬಿರುವ ರಕ್ತನಾಳಕ್ಕೂ ನರ ಅನ್ನುತ್ತೇವೆ. ಸ್ನಾಯು ಸೆಳೆತಕ್ಕೆ ನರ ಹಿಡಿದಿದೆ ಅನ್ನುತ್ತೇವೆ. ಸುಸ್ತಾದರೆ ನರ ವೀಕ್. ಹೀಗಾಗಿ ಪಕ್ಕದ ಮನೆಯವರ "ನರದ ತೊಂದರೆ"ಗೆ ಹೇಳಿದ ವ್ಯಾಯಾಮವನ್ನು ನಮ್ಮ ಮನೆಯ "ನರದ ತೊಂದರೆ"ಗೂ ಮಾಡಿಸುತ್ತೇವೆ. ಅಲ್ಲೇ ತಪ್ಪುವುದು.

ಒಂದು ಬೆರಳು ಮೇಲೇಳಬೇಕಾದರೆ ಮಿದುಳಿನಿಂದ ಆಜ್ಞೆ ಹೊರಡಬೇಕು. ಬೆನ್ನುಹುರಿಯಲ್ಲಿ ಇಳಿದು ನರದಲ್ಲಿ ಹರಿದು ಸ್ನಾಯುವಿಗೆ ದಾಟಬೇಕು. ಕೊನೆಗೆ ಸ್ನಾಯು ಸಂಕುಚಿಸಬೇಕು. ಈ ದಾರಿ ಎಲ್ಲಿ ಕೆಟ್ಟರೂ ಬೆರಳು ಏಳುವುದಿಲ್ಲ. ಹೊರಗಿನಿಂದ ಎಲ್ಲ ಒಂದೇ ಥರ ಕಾಣುತ್ತದೆ. ಚಿಕಿತ್ಸೆ ಒಂದೇ ಥರ ಅಲ್ಲ.

ನಿಮ್ಮ ಅಮ್ಮನದು ಮಿದುಳಿನಲ್ಲಿ ಕೆಟ್ಟದ್ದು. ಕೈಯ ನರವೂ ಸ್ನಾಯುವೂ ಸರಿ ಇದ್ದವು. ಆಜ್ಞೆ ಕೊಡುವ ಜಾಗ ಹಾಳಾಗಿತ್ತು. ಮಿದುಳಿಗೆ ಬೇರೆ ಜಾಗದಿಂದ ಆ ಕೆಲಸ ಕಲಿಯುವ ಗುಣ ಇದೆ. ಕಲಿಕೆ ಎಂದ ಮೇಲೆ ಪುನರಾವರ್ತನೆ ಬೇಕೇ ಬೇಕು. ಗವಸು ಹಾಕುವ ಆ ವಿಧಾನವನ್ನು ರೂಪಿಸಿದವರು ಎಡ್ವರ್ಡ್ ಟೌಬ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ. ಆದರೆ ಮಣಿಕಟ್ಟು, ಬೆರಳು ಸ್ವಲ್ಪವಾದರೂ ಬಿಚ್ಚುವವರಿಗೆ ಮಾತ್ರ ಅದು ಒಗ್ಗುತ್ತದೆ. ಪೂರ್ತಿ ಬಿದ್ದ ಕೈಗೆ ಮಾಡಿಸಿದರೆ ಬರೀ ಹಿಂಸೆ. ಸ್ಟ್ರೋಕ್ ಆದವರನ್ನು ನೋಡಿಕೊಳ್ಳುವವರಿಗೆ ಇನ್ನೊಂದು ಮಾತು: ಎಬ್ಬಿಸುವಾಗ ಬಿದ್ದ ಕೈ ಹಿಡಿದು ಎಳೆಯಬೇಡಿ. ಭುಜದ ಕೀಲನ್ನು ಹಿಡಿದಿಡುವ ಸ್ನಾಯುಗಳು ಸಡಿಲ ಆಗಿರುತ್ತವೆ, ಕೀಲು ಜಾರುತ್ತದೆ. ಆ ನೋವು ತಿಂಗಳುಗಟ್ಟಲೆ ಕಾಡುತ್ತದೆ.

ಹಸಿರೆಲೆಯವರ ಅಪ್ಪನದು ನರದಲ್ಲಿ ಕೆಟ್ಟದ್ದು. ಅಲ್ಲಿ ಮೊದಲು ಕಾಯುವುದು, ಕಾಪಾಡುವುದು. ಜಿಬಿಎಸ್ ಕೂಡ ನರದ್ದೇ, ಆದರೆ ಅನೇಕ ನರಗಳು ಒಟ್ಟಿಗೆ. ಉಳಿದಿರುವ ಕೆಲವೇ ತಂತುಗಳ ಮೇಲೆ ಇಡೀ ದೇಹದ ಹೊರೆ ಬಿದ್ದಿರುತ್ತದೆ. ಅದಕ್ಕೇ ದಣಿಸಬಾರದು.

ನರ ಸ್ನಾಯುವಿಗೆ ಸೇರುವ ಜಾಗದಲ್ಲಿ ಕೆಡುವ ಒಂದು ಕಾಯಿಲೆ ಮಯಸ್ತೇನಿಯಾ. ಅವರಿಗೆ ಬೆಳಿಗ್ಗೆ ಬಲ ಇರುತ್ತದೆ, ಬಳಸಿದಷ್ಟೂ ಕರಗುತ್ತದೆ. ಸಂಜೆಗೆ ರೆಪ್ಪೆ ಜೋತು ಬೀಳುತ್ತದೆ. ಅವರಿಗೆ ಮಾತ್ರೆಯ ಬಲ ಚೆನ್ನಾಗಿರುವ ಹೊತ್ತಿನಲ್ಲಿ, ಸಣ್ಣ ಸಣ್ಣ ಕಂತಿನಲ್ಲಿ ಮಾಡಿಸುತ್ತೇವೆ. ಸ್ನಾಯುವೇ ಕೆಡುವ ಕಾಯಿಲೆಗಳ ದಾರಿ ಇನ್ನೂ ಬೇರೆ.

ಫಿಸಿಯೋ ಹತ್ತಿರ ಹೋದಾಗ ಮೊದಲ ದಿನವೇ ಕೇಳಿ: ತೊಂದರೆ ಈ ದಾರಿಯಲ್ಲಿ ಎಲ್ಲಿದೆ? ಅದು ಗೊತ್ತಾಗದೆ ಎಷ್ಟು ಸಲ ಮಾಡಬೇಕು ಎಂಬ ಪ್ರಶ್ನೆಗೆ ಉತ್ತರವೇ ಇಲ್ಲ.

ಪುಟ್ಟನ ಅಮ್ಮ

ಸ್ನಾಯುವೇ ಕೆಡುವುದು ಅಂದಿರಲ್ಲ, ನನ್ನ ಮಗನದು ಅದೇ. ಡುಷೇನ್ ಮಸ್ಕ್ಯುಲರ್ ಡಿಸ್ಟ್ರೋಫಿ. ಒಂಬತ್ತು ವರ್ಷ. ಡಿಸ್ಟ್ರೋಫಿನ್ ಎಂಬ ಪ್ರೋಟೀನ್ ಅವನ ಸ್ನಾಯುವಿನಲ್ಲಿ ಇಲ್ಲ. ಚಿಕ್ಕವನಿದ್ದಾಗ ನೆಲದಿಂದ ಏಳಲು ತೊಡೆ ಮೇಲೆ ಕೈ ಊರಿ, ತನ್ನ ಮೈಯನ್ನೇ ಹತ್ತಿದಂತೆ ಏಳುತ್ತಿದ್ದ. ಅದು ಚಿಹ್ನೆ ಅಂತ ನಮಗೆ ಗೊತ್ತಿರಲಿಲ್ಲ.

ರೋಗ ಗೊತ್ತಾಗುವ ಮೊದಲು ಒಂದು ಕಡೆ ಕಾಲಿಗೆ ಬಲ ಬರಲಿ ಅಂತ ಬಸ್ಕಿ ಹೊಡೆಸಿದರು, ಮೆಟ್ಟಿಲು ಹತ್ತಿಸಿ ಇಳಿಸಿದರು. ನಾನೂ ಮನೆಯಲ್ಲಿ ಮಾಡಿಸಿದೆ. ಅವನು ಅಳುತ್ತಿದ್ದ. ನಾಟಕ ಮಾಡಬೇಡ ಅಂದಿದ್ದೆ. ಆ ಮಾತು ಇವತ್ತಿಗೂ ಚುಚ್ಚುತ್ತದೆ.

ಆಮೇಲೆ ಸಿಕ್ಕ ಫಿಸಿಯೋ ಕೂರಿಸಿ ತಿಳಿಸಿದರು. ಸ್ನಾಯು ಹಿಗ್ಗುತ್ತಲೇ ಭಾರ ಹೊರುವ ಕೆಲಸ ಇವರಿಗೆ ತುಂಬಾ ಕೆಟ್ಟದ್ದು. ಮೆಟ್ಟಿಲು ಇಳಿಯುವುದು, ಇಳಿಜಾರಿನಲ್ಲಿ ಓಡುವುದು, ಟ್ರ್ಯಾಂಪೊಲಿನ್ ಮೇಲೆ ಜಿಗಿಯುವುದು ಎಲ್ಲ ಅದೇ. ನಮಗೆ ಹತ್ತುವುದೇ ಕಷ್ಟ, ಇಳಿಯುವುದು ಸುಲಭ ಅನಿಸುತ್ತದೆ. ಅವನ ಸ್ನಾಯುವಿಗೆ ಇಳಿಯುವಾಗಲೇ ಹೆಚ್ಚು ಹಾನಿ. ವ್ಯಾಯಾಮದ ಮಾರನೇ ದಿನ ಸ್ನಾಯು ನೋವು ಬಂದರೆ, ಮೂತ್ರ ಕಡು ಕಂದು ಬಣ್ಣಕ್ಕೆ ತಿರುಗಿದರೆ ಸ್ನಾಯು ಒಡೆಯುತ್ತಿದೆ ಎಂದರ್ಥ, ತಕ್ಷಣ ಡಾಕ್ಟರಿಗೆ ತಿಳಿಸಿ ಅಂದರು.

ಈಗ ಅವನು ನೀರಿನಲ್ಲಿ ಆಡುತ್ತಾನೆ. ನೀರು ಅವನನ್ನು ಹೊತ್ತುಕೊಳ್ಳುತ್ತದೆ. ದಿನಾ ಮೀನಖಂಡ, ಸೊಂಟ, ತೊಡೆಯ ಹಿಂಭಾಗ ಎಳೆತ. ರಾತ್ರಿ ಸ್ಪ್ಲಿಂಟ್. ಕಾಯಿಲೆ ನಿಲ್ಲುವುದಿಲ್ಲ ಅಂತ ನನಗೆ ಗೊತ್ತು. ಆದರೆ ಎಳೆತ ಮಾಡಿಸುವ ಹೊತ್ತಲ್ಲಿ ಅವನು ಶಾಲೆಯ ಸುದ್ದಿಯೆಲ್ಲ ಹೇಳುತ್ತಾನೆ. ಈಗ ಅಳುವುದಿಲ್ಲ.

ನೀಲಿ ಕೊಡೆ

ಪುಟ್ಟನ ಅಮ್ಮ, ನಿಮಗೊಂದು ಅಪ್ಪುಗೆ. ಗೊತ್ತಿಲ್ಲದೆ ಮಾಡಿದ್ದಕ್ಕೆ ನಿಮ್ಮನ್ನು ನೀವೇ ಬೈದುಕೊಳ್ಳಬೇಡಿ.

ನನ್ನದೊಂದು ಪ್ರಶ್ನೆ. ಮುಖದ ಒಂದು ಬದಿ ವಾಲಿ ಐದು ವಾರ ಆಯಿತು, ಬೆಲ್ಸ್ ಪಾಲ್ಸಿ ಅಂದಿದ್ದಾರೆ. ಸ್ಟೀರಾಯ್ಡ್ ಮಾತ್ರೆ ಎರಡನೇ ದಿನವೇ ಶುರು ಮಾಡಿದ್ದೆ. ಕನ್ನಡಿ ಮುಂದೆ ಕಣ್ಣು ಬಿಗಿಯಾಗಿ ಮುಚ್ಚಿ, ಬಾಯಿ ಜೋರಾಗಿ ಎಳೆದು ವ್ಯಾಯಾಮ ಮಾಡುತ್ತಿದ್ದೇನೆ. ಸರಿಯಾ?

ಹೆಜ್ಜೆಗುರುತು

ಮಾತ್ರೆ ಮೂರು ದಿನದೊಳಗೆ ಶುರುವಾಗಿದ್ದು ಒಳ್ಳೆಯದಾಯಿತು. ಕನ್ನಡಿ ಸರಿ. "ಬಿಗಿಯಾಗಿ", "ಜೋರಾಗಿ" ಬಿಟ್ಟುಬಿಡಿ. ಮುಖದ ನರ ತಿರುಗಿ ಬೆಳೆಯುವಾಗ ಕೆಲವು ತಂತು ತಪ್ಪು ಸ್ನಾಯುವಿಗೆ ಸೇರಬಹುದು. ಆಗ ನಕ್ಕರೆ ಕಣ್ಣು ಮುಚ್ಚುತ್ತದೆ, ಕಣ್ಣು ಮುಚ್ಚಿದರೆ ತುಟಿ ಎಳೆಯುತ್ತದೆ. ಬಲವಂತದ ಚಲನೆ ಆ ತಪ್ಪು ಜೋಡಣೆಯನ್ನೇ ರೂಢಿ ಮಾಡಿಸುತ್ತದೆ. ಚಿಕ್ಕ ಚಲನೆ, ಎರಡೂ ಬದಿ ಒಂದೇ ಅಳತೆಯಲ್ಲಿ, ನಿಧಾನವಾಗಿ. ಕಣ್ಣು ಪೂರ್ತಿ ಮುಚ್ಚುತ್ತಿಲ್ಲವಾದರೆ ಅದೇ ಮೊದಲ ಕೆಲಸ. ಹಗಲು ಡ್ರಾಪ್ಸ್, ರಾತ್ರಿ ಮುಲಾಮು ಹಾಕಿ ಟೇಪ್. ಕಣ್ಣು ಕೆಂಪಾಗಿ ನೋವಾದರೆ ಕಣ್ಣಿನ ಡಾಕ್ಟರ್ ಹತ್ತಿರ ಅವತ್ತೇ ಹೋಗಿ.

ಎರಡನೇ ಇನ್ನಿಂಗ್ಸ್

ಕರೆಂಟ್ ಬಗ್ಗೆ ಯಾರೂ ಮಾತಾಡಲಿಲ್ಲ. ನನಗೆ ಮಣಿಕಟ್ಟು ಬಿದ್ದಿತ್ತು, ತೋಳಿನ ರೇಡಿಯಲ್ ನರ. ಎರಡು ತಿಂಗಳು ಕರೆಂಟ್ ಕೊಟ್ಟರು, ಗುಣ ಆಯಿತು. ಕರೆಂಟಿನಿಂದಲೇ ಗುಣ ಆಗಿದ್ದು ಅಂತ ನನ್ನ ನಂಬಿಕೆ.

ಹೆಜ್ಜೆಗುರುತು

ಗುಣ ಆಗಿದ್ದು ತುಂಬಾ ಸಂತೋಷ. ಆದರೆ ಎರಡು ತಿಂಗಳಲ್ಲಿ ಪೂರ್ತಿ ಬಂದಿದೆ ಎಂದರೆ ಬಹುಶಃ ಅದು ಮೊದಲ ಬಗೆಯ ಏಟು. ಕರೆಂಟ್ ಇಲ್ಲದೆಯೂ ಬರುತ್ತಿತ್ತು ಅಂತ ನನ್ನ ಅಭಿಪ್ರಾಯ.

ನರ ಇರುವ ಸ್ನಾಯು ಚಿಕ್ಕ ಮಿಡಿತದ ಕರೆಂಟಿಗೂ ಕುಣಿಯುತ್ತದೆ. ನರ ಕಳೆದುಕೊಂಡ ಸ್ನಾಯು ಅದಕ್ಕೆ ಅಲುಗಾಡುವುದಿಲ್ಲ. ಅದಕ್ಕೆ ಉದ್ದದ ಮಿಡಿತ ಬೇಕು, ಸಾಮಾನ್ಯವಾಗಿ 100 ಮಿಲಿಸೆಕೆಂಡ್ ಅಥವಾ ಹೆಚ್ಚು. ಎಷ್ಟೋ ಕಡೆ ಚಿಕ್ಕ ಮಿಡಿತದ ಮಷಿನ್ ಹಚ್ಚಿ ಹೋಗಿಬಿಡುತ್ತಾರೆ. ಚರ್ಮ ಚುರುಗುಟ್ಟುತ್ತದೆ, ಸ್ನಾಯು ಮಲಗಿಯೇ ಇರುತ್ತದೆ. ಸರಿಯಾದ ಕರೆಂಟ್ ಕೊಟ್ಟರೂ ಅದರ ಲಾಭದ ಬಗ್ಗೆ ಸಂಶೋಧಕರಲ್ಲಿ ಒಮ್ಮತ ಇಲ್ಲ. ಸ್ನಾಯು ಸೊರಗುವುದನ್ನು ಸ್ವಲ್ಪ ತಡೆಯಬಹುದು. ಅದನ್ನೇ ನಂಬಿ ಎಳೆತ, ಸ್ಪ್ಲಿಂಟ್ ಬಿಡುವುದು ಮಾತ್ರ ಬೇಡವೇ ಬೇಡ. ಪೇಸ್‌ಮೇಕರ್ ಇದ್ದರೆ ಮೊದಲೇ ಹೇಳಿ. ಮರಗಟ್ಟಿದ ಚರ್ಮದ ಮೇಲೆ ಸುಟ್ಟರೂ ಗೊತ್ತಾಗುವುದಿಲ್ಲ, ಪ್ಯಾಡ್ ತೆಗೆದ ಮೇಲೆ ಕಣ್ಣಿಂದ ನೋಡಿ.

ಎರಡನೇ ಇನ್ನಿಂಗ್ಸ್

ಒಪ್ಪಲು ಸ್ವಲ್ಪ ಕಷ್ಟ ಆಗುತ್ತಿದೆ. ಆದರೆ ಹೌದು, ಮಣಿಕಟ್ಟನ್ನು ಎತ್ತಿ ಹಿಡಿಯುವ ಸ್ಪ್ಲಿಂಟನ್ನು ಇಡೀ ದಿನ ಹಾಕಿದ್ದೆ. ಅದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಬೆಳ್ಳಿ ಕೂದಲು

ಮರಗಟ್ಟಿದ ಚರ್ಮ ಅಂದಿದ್ದಕ್ಕೆ ಒಂದು ಮಾತು. ನನಗೆ ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆ. ಚಳಿ ಅಂತ ಬಿಸಿನೀರಿನ ಚೀಲ ಇಟ್ಟು ಮಲಗಿದೆ. ಬೆಳಿಗ್ಗೆ ದೊಡ್ಡ ಬೊಬ್ಬೆ. ವಾಸಿಯಾಗಲು ಮೂರು ತಿಂಗಳು. ಸ್ಪರ್ಶ ಇಲ್ಲದ ಕಡೆ ಶಾಖ ಕೊಡಲೇಬೇಡಿ, ಯಾರು ಹೇಳಿದರೂ.

ನಿಧಾನವೇ ಸರಿ

ಇನ್ನೊಂದು ಸೇರಿಸುತ್ತೇನೆ. ಬಲಹೀನತೆ ಎರಡೂ ಕಾಲಿನಲ್ಲಿ ದಿನದಿಂದ ದಿನಕ್ಕೆ ಮೇಲೇರುತ್ತಿದ್ದರೆ, ಉಸಿರು ಅಥವಾ ನುಂಗುವುದು ಕಷ್ಟವಾದರೆ, ಮೂತ್ರ ಕಟ್ಟಿದರೆ, ಎರಡು ತೊಡೆಯ ನಡುವೆ ಮರಗಟ್ಟಿದರೆ ಫಿಸಿಯೋಗೆ ಫೋನ್ ಮಾಡಿ ಕಾಯಬೇಡಿ. ನೇರ ಆಸ್ಪತ್ರೆಗೆ. ಮುಖ, ಕೈ, ಮಾತು ಇದ್ದಕ್ಕಿದ್ದಂತೆ ಹೋದರೂ ಹಾಗೇ. ನಾನು ಮೊದಲ ಎರಡು ದಿನ ಮಸಾಜ್ ಮಾಡಿಸಿಕೊಂಡು ಕಳೆದೆ.

ಹಸಿರೆಲೆ

ಟೆಸ್ಟ್ ಆಯಿತು. ಎರಡನೇ ಬಗೆ ಇರಬಹುದು ಅಂದಿದ್ದಾರೆ. ಸದ್ಯಕ್ಕೆ ಸರ್ಜರಿ ಬೇಡ, ಎರಡು ತಿಂಗಳ ನಂತರ ಮತ್ತೆ ಟೆಸ್ಟ್. 200 ಸಲ ನಿಲ್ಲಿಸಿದ್ದೇನೆ. ಈಗ ದಿನಕ್ಕೆ ಮೂರು ಹೊತ್ತು ಎಳೆತ. ಅಪ್ಪ ಕಣ್ಣು ಮುಚ್ಚಿ ಪಾದ ಎತ್ತುವುದನ್ನು ಮನಸ್ಸಿನಲ್ಲಿ ನೆನೆಯುತ್ತಾರೆ, ನಾನು ಕೈಯಿಂದ ಎತ್ತುತ್ತೇನೆ, ಹತ್ತೇ ಸಲ. ಸ್ಪ್ಲಿಂಟ್ ಬೆರಳಿಗೆ ಒತ್ತುತ್ತಿತ್ತಂತೆ, ಅದಕ್ಕೇ ಬಿಸಾಡಿದ್ದು. ಕೇಳಿದ್ದರೆ ಹೇಳುತ್ತಿದ್ದರು. ಸರಿ ಮಾಡಿಸಿದೆ.

ಹೆಜ್ಜೆಗುರುತು

ಸ್ಪ್ಲಿಂಟ್ ತೆಗೆದಾಗೆಲ್ಲ ಚರ್ಮ ನೋಡಿ. ಕೆಂಪು ಗುರುತು ಅರ್ಧ ಗಂಟೆಯಲ್ಲಿ ಮಾಯವಾಗದಿದ್ದರೆ ಮತ್ತೆ ಸರಿ ಮಾಡಿಸಬೇಕು.

ಹಸಿರೆಲೆ (ಹತ್ತು ವಾರದ ನಂತರ)

ಇವತ್ತು ಬೆಳಿಗ್ಗೆ ಎಳೆತ ಮಾಡಿಸುವಾಗ ಅಪ್ಪ "ಈಗ ನೆನೆಯುತ್ತಿದ್ದೇನೆ" ಅಂದರು. ಹಿಮ್ಮಡಿ ಗಂಟಿನ ಮುಂದೆ, ಒಳಬದಿಯಲ್ಲಿ, ನನ್ನ ಬೆರಳಿನ ಕೆಳಗೆ ಏನೋ ದಾರದಂತೆ ಸೆಟೆಯಿತು. ಪಾದ ಏಳಲಿಲ್ಲ. ದಾರ ಮಾತ್ರ ಸೆಟೆಯಿತು. ಮೂರು ಸಲ ನೋಡಿದೆ, ಮೂರು ಸಲವೂ ಸಿಕ್ಕಿತು. ಅಪ್ಪನ ಬೆರಳನ್ನೂ ಅಲ್ಲಿ ಇಡಿಸಿದೆ. ಇಬ್ಬರೂ ಎಷ್ಟೋ ಹೊತ್ತು ಮಾತಾಡಲಿಲ್ಲ. ಈಗೇನು ಮಾಡಿಸಲಿ?

ಹೆಜ್ಜೆಗುರುತು

ಓದಿ ನನ್ನ ಕಣ್ಣೂ ತುಂಬಿತು. ನೀವು ಮುಟ್ಟಿದ್ದು ಪಾದ ಎತ್ತುವ ಟಿಬಿಯಾಲಿಸ್ ಆಂಟೀರಿಯರ್ ಸ್ನಾಯುವಿನ ತುದಿ. ಸ್ನಾಯುವಿನ ಬಲಕ್ಕೆ 0ರಿಂದ 5ರವರೆಗೆ ಅಂಕ ಕೊಡುತ್ತೇವೆ. ಇಷ್ಟು ದಿನ 0 ಇತ್ತು, ಇವತ್ತು 1. ಭೂಮಿಯ ಸೆಳೆತ ಇಲ್ಲದಾಗ ಪಾದ ಚಲಿಸಿದರೆ 2, ಸೆಳೆತದ ವಿರುದ್ಧ ಪೂರ್ತಿ ಎದ್ದರೆ 3. ನಿಮ್ಮ ಫಿಸಿಯೋಗೆ ಇವತ್ತೇ ತಿಳಿಸಿ, ಕಾರ್ಯಕ್ರಮ ಬದಲಾಗಬೇಕು.

ಅವರು ಒಪ್ಪಿದರೆ ಹೀಗೆ ಮಾಡಿ. ಅಪ್ಪನನ್ನು ಎಡ ಮಗ್ಗುಲಿಗೆ ಮಲಗಿಸಿ. ಬಲಗಾಲು ಮೇಲೆ ಬರಲಿ, ಅದರ ಕೆಳಗೆ ದಪ್ಪ ದಿಂಬು. ಬಲ ಮಗ್ಗುಲು ಬೇಡ, ಪೆಟ್ಟಾದ ಜಾಗದ ಮೇಲೆಯೇ ಭಾರ ಬೀಳುತ್ತದೆ. ಹೀಗೆ ಮಲಗಿದಾಗ ಪಾದ ಭೂಮಿಯ ಸೆಳೆತಕ್ಕೆ ಎದುರಾಗಿ ಏಳಬೇಕಿಲ್ಲ, ಅಡ್ಡಡ್ಡ ಜರುಗಿದರೆ ಸಾಕು. ನೀವು ಹಿಮ್ಮಡಿ ಹಿಡಿದು ಅರ್ಧ ನೆರವು ಕೊಡಿ. ಐದು ಸಲ, ಒಂದು ನಿಮಿಷ ಬಿಡುವು, ಮತ್ತೆ ಐದು. ಬೆರಳಿನ ಕೆಳಗೆ ಆ ದಾರ ಸಡಿಲ ಆಯಿತು ಅನಿಸಿದ ಕೂಡಲೇ ಅವತ್ತಿಗೆ ನಿಲ್ಲಿಸಿ.